ಕೆಎ 45: ಒಂದೇ ನಂಬರು, ನಾಲ್ಕು ತುಕ್ಕು

"ಮನೆ ಮುಂದೆ ಹುಣಸೆ ಮರ ಅದಾ ಸಾ?"

ಹುಣಸೂರಿನ ಹೆದ್ದಾರಿ ಬದಿಯ ಟಿಂಕರಿಂಗ್ ಶೆಡ್ಡಿನ ಮೇಸ್ತ್ರಿ ನನ್ನ ಕಾರಿಗೆ ಒಂದು ಸುತ್ತು ಹಾಕಿ ಕೇಳಿದ ಮೊದಲ ಮಾತು ಇದು. ಮರ ಇರುವುದು ನಿಜ. ಆದರೆ ನಾನು ಬಂದದ್ದು ಮರದ ವಿಷಯ ಮಾತಾಡಲಿಕ್ಕಲ್ಲ. ಎಡಗಡೆ ಮುಂದಿನ ಬಾಗಿಲಿನ ತಳದಲ್ಲಿ ಬಣ್ಣ ಅಕ್ಕಿಕಾಳಿನಷ್ಟು ಉಬ್ಬಿತ್ತು, ಅದನ್ನು ತೋರಿಸಲಿಕ್ಕೆ. ಅವರು ಕೂತು, ಉಬ್ಬಿದ ಜಾಗವನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿದರು. ಉಗುರು ಸಲೀಸಾಗಿ ಒಳಗೆ ಹೋಯಿತು. ಬಣ್ಣದ ಹಿಂದೆ ತಗಡೇ ಇರಲಿಲ್ಲ.

"ಇದು ನೆನ್ನೆ ಮೊನ್ನೆದಲ್ಲ. ಒಳಗಿಂದ ತಿನ್ಕೊಂಡು ಬಂದದೆ. ನಿಮ್ ಕಣ್ಣಿಗೆ ಬೀಳೋ ಹೊತ್ಗೆ ಅದರ ಊಟ ಮುಗ್ದೋಗಿರ್ತದೆ."

ಮರದ ಗುಟ್ಟು ಹೇಗೆ ತಿಳಿಯಿತು ಎಂದು ಕೇಳಿದೆ. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೂರುವ ಜಾಲರಿಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಪುಟ್ಟ ಪುಟ್ಟ ಎಲೆಗಳನ್ನು ತೋರಿಸಿದರು. ಮಾವಿನ ಎಲೆಯಾದರೆ ಮೇಲೇ ನಿಲ್ಲುತ್ತದೆ, ಕೈಯಲ್ಲಿ ತೆಗೆದು ಬಿಸಾಕಬಹುದು. ಹುಣಸೆ ಎಲೆ ಜಾಲರಿಯೊಳಗೆ ಇಳಿದು ನೀರು ಹೋಗುವ ದಾರಿಯನ್ನು ಕಟ್ಟುತ್ತದೆ. ಹೆಸರಲ್ಲೇ ಹುಣಸೆ ಇಟ್ಟುಕೊಂಡ ಊರಿಗೆ ಬಂದು ಈ ಪಾಠ ಕೇಳಬೇಕಾಯಿತು.

ಆಮೇಲೆ ಅವರು ಆಡಿದ ಮಾತೇ ಈ ತಿರುಗಾಟಕ್ಕೆ ಕಾರಣ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ಕಡೆಯ ಗಾಡಿಗಳಿಗೆ ಹುಣಸೂರು ಆರ್‌ಟಿಒ ಕಚೇರಿಯ ಕೆಎ 45 ನಂಬರು. "ನಂಬರ್ ಪ್ಲೇಟ್ ನೋಡಿ ಯಾವ ಊರ್ ಗಾಡಿ ಅಂತ ಹೇಳಕಾಗಲ್ಲ ಸಾ. ತುಕ್ಕು ನೋಡಿ ಹೇಳ್ತೀನಿ." ಸ್ವಲ್ಪ ಬಡಾಯಿ ಅನ್ನಿಸಿತು. ಆದರೂ ನವೆಂಬರ್ ಕೊನೆಯಲ್ಲಿ ಎರಡು ದಿನ ಬಿಡುವು ಮಾಡಿಕೊಂಡು, ಆ ತೂತು ಬಾಗಿಲಿನ ಕಾರಿನಲ್ಲೇ ನಾಲ್ಕೂ ಕಡೆ ಹೋದೆ.

ಕೆ.ಆರ್. ನಗರಕ್ಕೆ ಬೆಳಿಗ್ಗೆ ಆರಕ್ಕೆಲ್ಲ ತಲುಪಿದ್ದೆ. ಕಾವೇರಿಯ ನೆರೆಗೆ ಹೆದರಿ, ಹಳೆಯ ಎಡತೊರೆಯನ್ನು ಬಿಟ್ಟು ಆಚೆಗೆ ಕಟ್ಟಿಕೊಂಡ ಊರಿದು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಹೊತ್ತಿದೆ. ಊರು ನೀರಿನಿಂದ ದೂರ ಸರಿಯಿತೇ ಹೊರತು ಗಾಳಿಯಲ್ಲಿರುವ ನೀರಿನಿಂದ ಸರಿಯಲಿಲ್ಲ. ನಾಲೆ ಬಯಲಿನ ಗದ್ದೆಗಳ ಮೇಲೆ ಮಂಜು ಸೊಂಟದೆತ್ತರಕ್ಕೆ ನಿಂತಿತ್ತು. ಭತ್ತ ಹಣ್ಣಾಗಿತ್ತು. ಮಳೆ ನಿಂತು ವಾರಗಳೇ ಆಗಿದ್ದವು. ಆದರೂ ಬೀದಿಯಲ್ಲಿ ನಿಂತ ಒಂದೊಂದು ಕಾರೂ ಈಗಷ್ಟೇ ವಾಟರ್ ಸರ್ವಿಸ್ ಮಾಡಿಸಿಕೊಂಡು ಬಂದಂತೆ ತೊಟ್ಟಿಕ್ಕುತ್ತಿತ್ತು.

ರಾತ್ರಿ ಬಯಲಲ್ಲಿ ನಿಂತ ಕಾರಿನ ತಗಡು ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ತೇವ ತುಂಬಿದ ಗಾಳಿ ಅದಕ್ಕೆ ತಗುಲಿದರೆ ಇಬ್ಬನಿ. ಗದ್ದೆ, ನಾಲೆ, ಹಿನ್ನೀರು ಇರುವ ಕಡೆ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ಮಳೆಯೇ ಬರಬೇಕೆಂದಿಲ್ಲ. ಗಾಳಿಯ ತೇವಾಂಶ ಶೇ. 60 ದಾಟಿದರೆ ಕಣ್ಣಿಗೆ ಕಾಣದ ನೀರಿನ ಪೊರೆಯೊಂದು ತಗಡಿನ ಮೇಲೆ ಕೂರುತ್ತದೆ, ಕೆಲಸ ಶುರುವಾಗುವುದಕ್ಕೆ ಅಷ್ಟು ಸಾಕು. ಶೇ. 80ರ ಮೇಲೆ ಹೋದರೆ ಕೆಲಸ ಚುರುಕಾಗುತ್ತದೆ.

ಹಾಗಾದರೆ ಎಲ್ಲಕ್ಕಿಂತ ಹೆಚ್ಚು ಇಬ್ಬನಿ ಕುಡಿಯುವ ಮಾಡಿಗೇ ಮೊದಲು ತುಕ್ಕು ಹಿಡಿಯಬೇಕಲ್ಲ? ಹಿಡಿಯುವುದಿಲ್ಲ. ಎಂಟೂವರೆ ಹೊತ್ತಿಗೆ ಬಿಸಿಲು ಬಿತ್ತು, ಮಾಡು ಒಣಗಿತು, ಅಲ್ಲಿಗೆ ಅದರ ಕಥೆ ಮುಗಿಯಿತು. ಬಾಗಿಲ ಪೊಟರೆಯೊಳಗೆ, ಚಕ್ರದ ಮೇಲಿನ ಕಮಾನಿನ ಮಡಿಕೆಯಲ್ಲಿ, ಹೆಜ್ಜೆ ಇಡುವ ಪಟ್ಟಿಯ ಹೊಟ್ಟೆಯಲ್ಲಿ ಇಳಿದು ಕೂತ ಅದೇ ಇಬ್ಬನಿಗೆ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ಎಷ್ಟು ನೆನೆಯಿತು ಅನ್ನುವುದಕ್ಕಿಂತ ಎಷ್ಟು ಹೊತ್ತು ಒದ್ದೆಯಾಗಿಯೇ ಇತ್ತು ಅನ್ನುವುದು ಮುಖ್ಯ. ಮೇಸ್ತ್ರಿಯ ಬಡಾಯಿಗೆ ಅರ್ಥ ಹೊಳೆದದ್ದು ಅಲ್ಲಿ: ಊರೂರಿಗೂ ಒದ್ದೆ ನಿಲ್ಲುವ ಜಾಗ ಬೇರೆ.

ಗೊಬ್ಬರದಂಗಡಿಯ ಮುಂದೆ ಒಂದು ಪಿಕಪ್ ನಿಂತಿತ್ತು. ಹಿಂದಿನ ತೊಟ್ಟಿಯ ಉಬ್ಬುಗೆರೆಗಳ ನಡುವೆ ಕೆಂಪು ಪೊಟ್ಯಾಷ್ ಹರಳು, ಬಿಳಿ ಯೂರಿಯಾ ಕಾಳು ಚೆಲ್ಲಿಕೊಂಡಿದ್ದವು. ಬೆರಳಲ್ಲಿ ಮುಟ್ಟಿದೆ. ಅಂಟಂಟು. ಯಾರೂ ನೀರು ಹಾಕಿರಲಿಲ್ಲ. ಈ ಉಪ್ಪುಗಳದ್ದು ಒಂದು ಗುಣ: ಗಾಳಿಯ ತೇವಾಂಶ ಒಂದು ಮಟ್ಟ ಮೀರಿದರೆ ಗಾಳಿಯಿಂದಲೇ ನೀರು ಎಳೆದುಕೊಂಡು ಕರಗುತ್ತವೆ. ಯೂರಿಯಾಗೆ ಆ ಮಟ್ಟ ಶೇ. 73ರ ಆಸುಪಾಸು, ಅಡುಗೆ ಉಪ್ಪಿಗೆ 75, ಪೊಟ್ಯಾಷ್‌ಗೆ 84. ಎರಡು ಬೆರೆತರೆ ಎರಡಕ್ಕಿಂತಲೂ ಕೆಳಗಿನ ಮಟ್ಟಕ್ಕೇ ಕರಗುತ್ತವೆ. ಗೊಬ್ಬರದ ಚೀಲ ಒಡೆದಿಟ್ಟ ರೈತನಿಗೆ ಇದು ಪುಸ್ತಕ ಓದದೆ ಗೊತ್ತು, ಮಾರನೆ ದಿನಕ್ಕೆ ಅದು ಕಲ್ಲಾಗಿರುತ್ತದೆ. ಪಿಕಪ್ಪಿನ ಉಬ್ಬುಗೆರೆಗಳ ನಡುವೆ ಅದು ಕಲ್ಲಾಗಲಿಲ್ಲ, ಉಪ್ಪುನೀರಾಯಿತು.

"ಜೋರು ಮಳೇಲಿ ಇಷ್ಟು ಆಗಲ್ಲ ಅಣ್ಣ," ಎಂದ ಡ್ರೈವರ್. "ಮಳೆ ಬಂದ್ರೆ ತೊಳ್ಕೊಂಡು ಹೋಯ್ತದೆ. ಈ ಸೀತ ಕಾಲದಲ್ಲೇ ತಿನ್ನೋದು." ಮಾತು ಸರಿಯಾಗಿಯೇ ಇತ್ತು. ಮಳೆ ನೇರವಾಗಿ ಹೊಡೆಯುವ ಭಾಗಕ್ಕಿಂತ ಮಳೆಯ ಕೈಗೆ ಸಿಗದ, ಆದರೆ ತೇವ ತಲುಪುವ ಮರೆಯ ಭಾಗಕ್ಕೆ ಉಪ್ಪಿನ ಕಾಟ ಹೆಚ್ಚು. ತೊಟ್ಟಿಯ ಕೆಳಗೆ ಬಗ್ಗಿ ನೋಡಿದರೆ ಮೇಲಿನದಕ್ಕಿಂತ ಎರಡರಷ್ಟು ಪದರ ಎದ್ದಿತ್ತು.

ಅಲ್ಲಿಂದ ಮತ್ತೆ ಹುಣಸೂರು. ದಾರಿಯುದ್ದಕ್ಕೂ ಗದ್ದೆ ಕಡಿಮೆಯಾಗುತ್ತ ಹೊಗೆಸೊಪ್ಪಿನ ಬ್ಯಾರನ್‌ಗಳು ಕಾಣತೊಡಗುತ್ತವೆ: ಎತ್ತರದ, ಕಿಟಕಿ ಕಡಿಮೆಯ, ಮೊಂಡು ಗೋಪುರದಂಥ ಮನೆಗಳು. ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣದ ದಾರಿಯ ಕಂಪಲಾಪುರ, ಇವೆಲ್ಲ ತಂಬಾಕು ಮಂಡಳಿಯ ಹರಾಜು ಕಟ್ಟೆಗಳಿರುವ ಊರುಗಳು. ಈ ದಿನಗಳಲ್ಲಿ ರಸ್ತೆ ತುಂಬ ಗೋಣಿ ಸುತ್ತಿದ ಬೇಲು ಹೊತ್ತ ಗಾಡಿಗಳು.

ಹೊಗೆಸೊಪ್ಪು ಬೆಳೆಯುವವರಷ್ಟು ಗಾಳಿಯ ತೇವವನ್ನು ಅರಿತವರು ಕಡಿಮೆ. ಬ್ಯಾರನ್ನಿನಲ್ಲಿ ಬೇಯಿಸಿದ ಎಲೆ ಹಪ್ಪಳದ ಹಾಗಿರುತ್ತದೆ, ಮುಟ್ಟಿದರೆ ಪುಡಿ. ಅದನ್ನು ಇಳಿಸುವ ಮುಂಚೆ ಬಾಗಿಲು ತೆರೆದಿಟ್ಟು ರಾತ್ರಿಯ ತಂಪು ಗಾಳಿ ಬಿಟ್ಟುಕೊಳ್ಳುತ್ತಾರೆ. ಬೆಳಗಿನ ಜಾವಕ್ಕೆ ಎಲೆ ತೇವ ಕುಡಿದು ಬಟ್ಟೆಯಂತೆ ಮೆತ್ತಗಾಗುತ್ತದೆ. ಎಲೆಯನ್ನು ಉಳಿಸುವ ಅದೇ ಗಾಳಿ ಅಂಗಳದಲ್ಲಿ ನಿಂತ ಜೀಪಿನ ಕೆಳಗೂ ಹೋಗುತ್ತದೆ. ಬ್ಯಾರನ್ನಿನೊಳಗೆ ಬಿಸಿ ಹೊಗೆ ಸಾಗಿಸುವ ತಗಡಿನ ಕೊಳವೆಗಳೂ ಉರಿಯುವ ಕಾಲದಲ್ಲಿ ಕೆಡುವುದಕ್ಕಿಂತ ಸುಮ್ಮನೆ ಬಿದ್ದಿರುವ ಕಾಲದಲ್ಲೇ ಹೆಚ್ಚು ಕೆಡುತ್ತವೆ. ಬಿಸಿ ತಗಡು ಒಣ ತಗಡು, ತಣ್ಣಗಾದಾಗಲೇ ಒದ್ದೆ.

ಇನ್ನೊಂದು ವಿಷಯ ನನಗೆ ಹೊಸದಾಗಿತ್ತು. ಹೊಗೆಸೊಪ್ಪಿಗೆ ಭತ್ತಕ್ಕೆ ಹಾಕುವ ಕೆಂಪು ಪೊಟ್ಯಾಷ್ ಹಾಕುವುದಿಲ್ಲ. ಅದರಲ್ಲಿ ಕ್ಲೋರೈಡ್ ಇದೆ, ಕ್ಲೋರೈಡ್ ಸೇರಿದ ಎಲೆ ಸರಿಯಾಗಿ ಉರಿಯುವುದಿಲ್ಲ. ಹಾಗಾಗಿ ಇಲ್ಲಿನವರು ಬಳಸುವುದು ಪೊಟ್ಯಾಸಿಯಂ ಸಲ್ಫೇಟ್. ಕಬ್ಬಿಣಕ್ಕೂ ಹೆಚ್ಚು ಹಗೆ ಕ್ಲೋರೈಡೇ. ಬಣ್ಣದ ಸಣ್ಣ ಬಿರುಕಲ್ಲಿ ನುಗ್ಗಿ, ತಗಡನ್ನು ಕಾಯುವ ಪೊರೆಯನ್ನು ಒಡೆದು, ಒಂದೇ ಕಡೆ ಕೊರೆಯುತ್ತ ಹೋಗುವುದು ಅದರ ಚಾಳಿ. ಸಲ್ಫೇಟ್ ಸಾಧುವೇನಲ್ಲ, ಇಷ್ಟು ಹಟಮಾರಿಯಲ್ಲ ಅಷ್ಟೆ. ಸಿಗರೇಟು ಸರಿಯಾಗಿ ಉರಿಯಲಿ ಎಂದು ಮಾಡಿದ ಕಟ್ಟುಪಾಡಿನಿಂದ ಹುಣಸೂರಿನ ಪಿಕಪ್ಪುಗಳಿಗೆ ಕೊಂಚ ಆಯಸ್ಸು ಸಿಕ್ಕಿದ್ದರೆ, ಆ ಬೆಳೆಯ ಖಾತೆಗೆ ಅದೊಂದು ಪುಣ್ಯ ಬರೆದುಕೊಳ್ಳಬಹುದು.

ಶೆಡ್ಡಿಗೆ ಹೋದಾಗ ಮೇಸ್ತ್ರಿ ಹೊಸ ತಗಡು ಕತ್ತರಿಸುತ್ತಿದ್ದರು. ಕಾರಿನ ಮೈ ತಗಡು ಮುಕ್ಕಾಲು ಮಿಲಿಮೀಟರ್ ದಪ್ಪ, ಅಷ್ಟೆ. ಹಳೆ ಬಿಸ್ಕತ್ ಡಬ್ಬಕ್ಕಿಂತ ತುಸು ಗಟ್ಟಿ. ಒಂದು ತುಂಡು ಬೇಡಿಕೊಂಡು, ಮರಳು ಕಾಗದದಲ್ಲಿ ಉಜ್ಜಿ ಹೊಳಪು ಮಾಡಿ, ಟೀ ಅಂಗಡಿಯಿಂದ ಚಿಟಿಕೆ ಉಪ್ಪು ತಂದು ನೀರಲ್ಲಿ ಕರಗಿಸಿ, ಒಂದೇ ಒಂದು ದಪ್ಪ ಹನಿ ಇಟ್ಟೆ. 1920ರ ದಶಕದಲ್ಲಿ ಕೇಂಬ್ರಿಜ್‌ನ ಯೂಲಿಕ್ ಇವಾನ್ಸ್ ಮಾಡಿ ತೋರಿಸಿದ ಪ್ರಯೋಗ ಇದು. ಶೆಡ್ಡಿನ ಹುಡುಗರಿಗೆ ನಗು. ಟೀ ಕುಡಿದು, ಒಂದು ಮಡ್‌ಗಾರ್ಡ್ ಬಿಚ್ಚುವುದನ್ನು ನೋಡಿ ಬರುವಷ್ಟರಲ್ಲಿ ಹನಿಯೊಳಗೆ ಕಂದು ಬಣ್ಣದ ಉಂಗುರ ಮೂಡಿತ್ತು. ಅಂಚಿಗೂ ಅಲ್ಲ, ನಟ್ಟನಡುವೆಯೂ ಅಲ್ಲ, ಎರಡರ ಮಧ್ಯೆ. ಬಟ್ಟೆಯಲ್ಲಿ ಒರೆಸಿದೆ. ಉಂಗುರ ಇದ್ದ ಕಡೆ ತಗಡಿಗೆ ಹೆಚ್ಚೇನೂ ಆಗಿರಲಿಲ್ಲ. ಹೊಳಪು ಸತ್ತು ಮಂಕಾಗಿದ್ದದ್ದು ನಡುವೆ.

ಹುಡುಗರ ನಗು ನಿಂತಿತು. ಹನಿಯ ಅಂಚು ತೆಳು, ಅಲ್ಲಿ ಗಾಳಿಯ ಆಮ್ಲಜನಕ ಧಾರಾಳ. ನಡುವೆ ದಪ್ಪ, ಅಲ್ಲಿಗೆ ಆಮ್ಲಜನಕ ಇಳಿಯುವುದು ನಿಧಾನ. ಈ ಏರುಪೇರೇ ಹನಿಯನ್ನು ಪುಟ್ಟ ಬ್ಯಾಟರಿಯಾಗಿಸುತ್ತದೆ. ಆಮ್ಲಜನಕ ಕಡಿಮೆ ಇರುವ ಕಡೆ ಕಬ್ಬಿಣ ಕರಗಿ ನೀರಿಗಿಳಿಯುತ್ತದೆ, ಹೆಚ್ಚಿರುವ ಕಡೆ ಹೋಗಿ ತುಕ್ಕಾಗಿ ಕೂರುತ್ತದೆ. ಕಳ್ಳತನ ಒಂದು ಕಡೆ, ಮಾಲು ಸಿಗುವುದು ಇನ್ನೊಂದು ಕಡೆ.

ಹನಿಯ ಜಾಗದಲ್ಲಿ ಒಂದು ಹೆಪ್ಪು ಕೆಸರನ್ನು ಇಟ್ಟು ನೋಡಿ. ಚಕ್ರದ ಕಮಾನಿನ ಒಳಮಡಿಕೆಗೆ ಮೆತ್ತಿಕೊಂಡ ಕೆಸರಿನ ಹೊರಮೈ ಒಣಗಿದಂತೆ ಕಾಣುತ್ತದೆ, ಒಳಗೆ ವಾರಗಟ್ಟಲೆ ತೇವ. ಕೆಸರಿನ ಕೆಳಗೆ ಗಾಳಿಯಿಲ್ಲ, ಅಂಚಿನಲ್ಲಿದೆ. ತಿನ್ನುವುದು ಕೆಳಗೆ. ಬಾಗಿಲಿನ ತಳದ ಕಥೆಯೂ ಅದೇ: ಹೊರತಗಡನ್ನು ಒಳತಗಡಿನ ಮೇಲೆ ಚಪಾತಿ ಅಂಚಿನಂತೆ ಮಡಚಿ ಒತ್ತಿರುತ್ತಾರೆ, ಆ ಕೂದಲೆಳೆಯ ಸಂದಿಗೆ ನೀರು ಹೋಗುತ್ತದೆ, ಗಾಳಿ ಹೋಗುವುದಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಮಡಿಕೆ ಬಿರಿಯುತ್ತದೆ, ಬಣ್ಣ ಉಬ್ಬುತ್ತದೆ. ನನ್ನ ಅಕ್ಕಿಕಾಳು ಹುಟ್ಟಿದ್ದು ಹೀಗೆ.

ಬಾಗಿಲೊಳಗೆ ನೀರು ಹೋಗುವುದು ದೋಷವಲ್ಲ. ಗಾಜಿನ ಪಕ್ಕದ ರಬ್ಬರ್ ಬೀಡಿಂಗ್ ದಾಟಿ ಅದು ಹೋಗಿಯೇ ಹೋಗುತ್ತದೆ, ಕಂಪನಿಯವರು ಅದಕ್ಕೆಂದೇ ಬಾಗಿಲ ತಳದಲ್ಲಿ ಸಣ್ಣ ಕಿಂಡಿಗಳನ್ನು ಬಿಟ್ಟಿರುತ್ತಾರೆ. ಮೇಸ್ತ್ರಿ ನನ್ನ ಬಾಗಿಲಿನ ಕಿಂಡಿ ಹುಡುಕಿದರು. ಸಿಗಲಿಲ್ಲ. ಕಪ್ಪು ಡಾಂಬರಿನಂಥ ಅಂಟು ಅದರ ಮೇಲೆ ದಪ್ಪಗೆ ಕೂತಿತ್ತು. ಮೂರು ವರ್ಷದ ಹಿಂದೆ ತುಕ್ಕು ಹಿಡಿಯಬಾರದೆಂದು ಒಂದು ಕಡೆ, ಹೆಸರು ಬೇಡ, ದುಡ್ಡು ಕೊಟ್ಟು ಅಂಡರ್‌ಕೋಟಿಂಗ್ ಮಾಡಿಸಿದ್ದೆ. ಬಳಿದವರು ಕಿಂಡಿಗಳನ್ನೂ ಸೇರಿಸಿ ಬಳಿದಿದ್ದರು. ಮೇಲಿಂದ ಹುಣಸೆ ಎಲೆ, ಕೆಳಗಿಂದ ಡಾಂಬರು; ನಡುವೆ ನನ್ನ ಬಾಗಿಲು ಮೂರು ಮಳೆಗಾಲ ತೊಟ್ಟಿಯಾಗಿತ್ತು.

ಮೇಸ್ತ್ರಿ ಬೈಯಲಿಲ್ಲ. ಸೈಕಲ್ ಚಕ್ರದ ಹಳೆಯ ಕಡ್ಡಿಯೊಂದನ್ನು ತೆಗೆದುಕೊಂಡು, ತುದಿ ಬಗ್ಗಿಸಿ, ಕಿಂಡಿ ಚುಚ್ಚಿ ತೆರೆದರು. ಆಮೇಲೆ ಕಡ್ಡಿಯನ್ನು ನನ್ನ ಕೈಗೇ ಕೊಟ್ಟರು. "ಮಿಕ್ಕಿದ್ದು ನೀವೇ ಮಾಡ್ಕಳಿ." ಪ್ಯಾಚ್ ಹಾಕಿಕೊಡಿ ಎಂದದ್ದಕ್ಕೆ ಈಗ ಬೇಡ ಎಂದರು. ಗ್ಯಾಸ್ ವೆಲ್ಡಿಂಗ್ ಕಾವಿಗೆ ಒಳಮೈಯ ಬಣ್ಣ, ಸತುವಿನ ಲೇಪ ಇದ್ದರೆ ಅದೂ, ಸುಟ್ಟುಹೋಗುತ್ತದೆ. ಹೊರಗೆ ಪುಟ್ಟಿ, ಪ್ರೈಮರ್ ಎಲ್ಲ ಬಳಿಯಬಹುದು, ಒಳಗೆ ಕೈ ಹೋಗುವುದಿಲ್ಲ. ಬಾಗಿಲು ಪೂರ್ತಿ ಒಣಗಿಸಿಕೊಂಡು ಬಂದರೆ ಕೆಳಗಿನ ಪಟ್ಟಿಯನ್ನೇ ಕತ್ತರಿಸಿ ಹೊಸದು ಕೂರಿಸುತ್ತಾರಂತೆ. ಅವರ ಹತ್ತಿರ ಬರುವವರಲ್ಲಿ ಹೆಚ್ಚಿನವರು 15 ವರ್ಷ ತುಂಬಿ ಎಫ್‌ಸಿ ಮಾಡಿಸಬೇಕಾದವರು. ಆರ್‌ಟಿಒ ಮುಂದೆ ನಿಲ್ಲುವ ಹಿಂದಿನ ವಾರ ಪುಟ್ಟಿ ಮೆತ್ತಿಸಿಕೊಂಡು ಹೋಗುತ್ತಾರೆ. ಅದಕ್ಕೆ ಅವರು ಇಟ್ಟ ಹೆಸರು 'ಮದುವೆ ಮೇಕಪ್ಪು'.

ಪಿರಿಯಾಪಟ್ಟಣದಲ್ಲಿ ನಾನು ಹೆಚ್ಚು ಹೊತ್ತು ಇರಲಿಲ್ಲ, ಆದರೆ ಅಲ್ಲಿ ಕಂಡದ್ದನ್ನು ಮರೆಯುವ ಹಾಗಿಲ್ಲ. ಈ ಊರಿಂದ ಪಡುವಣಕ್ಕೆ ಬೈಲುಕುಪ್ಪೆ ದಾಟಿದರೆ ಕಾವೇರಿ, ಆಚೆ ಕೊಡಗು. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾದರೆ ಮಡಿಕೇರಿಯಲ್ಲಿ 3000ಕ್ಕೂ ಹೆಚ್ಚು. ನಡುವಿನ ಈ ಸೀಮೆಗೆ ಮೋಡದ ಸೆರಗು ತಾಗುತ್ತದೆ. ಆದರೆ ಇಲ್ಲಿನ ವಿಶೇಷ ಮಳೆಯಲ್ಲ, ಸಮುದ್ರ. ಕರಾವಳಿಯ ಉಪ್ಪುಗಾಳಿ ದಡದಿಂದ ಒಳಕ್ಕೆ ಬಂದಂತೆ ಬೇಗ ಸೊರಗುತ್ತದೆ, ಘಟ್ಟ ಹತ್ತುವಷ್ಟು ಕಸುವು ಅದಕ್ಕಿಲ್ಲ. ಗಾಳಿಯಲ್ಲಿ ಬಾರದ ಸಮುದ್ರ ಇಲ್ಲಿಗೆ ಲಾರಿಯಲ್ಲಿ ಬರುತ್ತದೆ. ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿ, ಮಡಿಕೇರಿ, ಕುಶಾಲನಗರ ದಾಟಿ ಮೈಸೂರಿಗೆ ಹೋಗುವ ಮೀನಿನ ಗಾಡಿಗಳು ಐಸು ಕರಗಿದ ಉಪ್ಪುನೀರನ್ನು ದಾರಿಯುದ್ದ ತೊಟ್ಟಿಕ್ಕಿಸುತ್ತ ಬರುತ್ತವೆ. ಹಿಂದೆ ಬೈಕಿನಲ್ಲಿ ಬರುವವನಿಗೆ ವಾಸನೆಯಲ್ಲೇ ಗೊತ್ತಾಗುತ್ತದೆ.

ಮೀನು ಮಾರುವವರೊಬ್ಬರ ಗೂಡ್ಸ್ ಆಟೋ ಸಂತೆಯ ಪಕ್ಕ ನಿಂತಿತ್ತು. ಮುಂದಿನ ಅರ್ಧ ಆಟೋ ಹೊಸದರಂತೆ ಹೊಳೆಯುತ್ತಿತ್ತು, ಹಿಂದಿನ ತೊಟ್ಟಿಯ ಮೂಲೆಗಳಲ್ಲಿ ರಸ್ತೆ ಕಾಣುತ್ತಿತ್ತು. ತೂತು ಮುಚ್ಚಲು ಎಣ್ಣೆ ಡಬ್ಬದ ತಗಡನ್ನು ರಿವೆಟ್ ಹೊಡೆದು ಕೂರಿಸಿದ್ದರು. ದಿನಾ ತೊಳೆಯುವುದಿಲ್ಲವೇ ಎಂದೆ. "ದಿನಾ ತೊಳೀತೀನಿ. ಆಮೇಲೆ ಟಾರ್ಪಾಲ್ ಹೊದಿಸ್ತೀನಿ," ಎಂದರು. ಒಣಗುವ ಮೊದಲೇ ಹೊದಿಸಿದ ಟಾರ್ಪಾಲಿನ ಒಳಗೆ ಏನಾಗುತ್ತದೆಂದು ಹೇಳುವ ಹಕ್ಕು ನನಗಿರಲಿಲ್ಲ. ನಾನೂ ಮಳೆಯಲ್ಲಿ ನೆನೆದು ಬಂದ ಕಾರಿಗೆ ಮುತುವರ್ಜಿಯಿಂದ ಕವರ್ ತೊಡಿಸಿದವನೇ.

ಕೆಎ 19, ಕೆಎ 20 ನಂಬರಿನ ಸೆಕೆಂಡ್ ಹ್ಯಾಂಡ್ ಕಾರು ಅಗ್ಗಕ್ಕೆ ಸಿಕ್ಕಿತು ಎಂದು ಮಂಗಳೂರು, ಉಡುಪಿ ಕಡೆಯಿಂದ ತರುವವರು ಈ ಹೆದ್ದಾರಿಯಲ್ಲಿ ಕಡಿಮೆಯಿಲ್ಲ. ತರುವವರು ಹೊರಗಿನ ಹೊಳಪು ನೋಡುವ ಬದಲು ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿ ಕೂರುವ ಗುಂಡಿಗೆ ಕೈ ಹಾಕಲಿ. ಕರಾವಳಿಯಲ್ಲಿ ಬಿಸಿ, ತೇವ, ಉಪ್ಪು ಮೂರೂ ಒಟ್ಟಿಗೆ ಸಿಗುತ್ತವೆ. ತಮಿಳುನಾಡಿನ ಮಂಟಪಂ ಕಡಲತೀರದಲ್ಲಿ ಕಾರೈಕುಡಿಯ ಕೇಂದ್ರೀಯ ವಿದ್ಯುತ್‌ರಾಸಾಯನಿಕ ಸಂಶೋಧನಾ ಸಂಸ್ಥೆಯವರು ಲೋಹದ ಹಲಗೆಗಳನ್ನು ಚೌಕಟ್ಟಿಗೆ ಕಟ್ಟಿ ಗಾಳಿಗೊಡ್ಡಿ ಪರೀಕ್ಷಿಸುವುದು ಇದಕ್ಕಾಗಿಯೇ. ಚಳಿ ದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೇ ಉಪ್ಪು ಸುರಿಯುತ್ತಾರೆ, ಅಲ್ಲಿನ ಕಾರಿಗೆ ಕಡಲು ಬೇಕಿಲ್ಲ. ನಮ್ಮ ರಾಯಚೂರಿನ ಕಡೆ ಇದರ ತದ್ವಿರುದ್ಧ: ಬಿಸಿಲಿಗೆ ಬಣ್ಣ ಬೆಳ್ಳಗಾಗುತ್ತದೆ, ಬೀಡಿಂಗ್ ಸೀಳುತ್ತದೆ, ತಗಡು ಮಾತ್ರ ಗಟ್ಟಿ.

ಎಚ್.ಡಿ. ಕೋಟೆಗೆ ಬಂದಾಗ ಮರುದಿನ ಮಧ್ಯಾಹ್ನ. ಕಬಿನಿ, ನುಗು, ತಾರಕ, ಹೆಬ್ಬಳ್ಳ, ನಾಲ್ಕು ಜಲಾಶಯಗಳ ನಾಡು; ಪಡುವಣದಲ್ಲಿ ನಾಗರಹೊಳೆ ಕಾಡು, ಅದರಾಚೆ ವಯನಾಡು. ಇಲ್ಲಿ ಕೆಂಪು ಮಣ್ಣಿನ ಜೊತೆ ಹತ್ತಿ ಬೆಳೆಯುವ ಕಪ್ಪು ಮಣ್ಣೂ ಇದೆ. ಕೆಂಪು ಮರಳುಮಣ್ಣು ಒಣಗಿದರೆ ಉದುರುತ್ತದೆ, ಕಪ್ಪು ಜೇಡಿ ಉದುರುವುದಿಲ್ಲ, ಹಿಡಿದ ನೀರನ್ನೂ ಬಿಡುವುದಿಲ್ಲ. ಬೀಚನಹಳ್ಳಿ ದಾರಿಯಲ್ಲಿ ಪಂಚರ್ ಅಂಗಡಿಯೊಂದರ ಮುಂದೆ ಜಾಕ್ ಕೊಟ್ಟು ನಿಲ್ಲಿಸಿದ್ದ ಜೀಪಿನ ಕೆಳಗೆ ತೂರಿ ನೋಡಿದೆ. ಚಾಸಿಯ ಉದ್ದಕ್ಕೂ ಎರಡು ಬೆರಳು ದಪ್ಪದ ಜೇಡಿ. ಸ್ಕ್ರೂಡ್ರೈವರ್‌ನಲ್ಲಿ ಎಬ್ಬಿಸಿದರೆ ಹೊರಪದರ ಇಟ್ಟಿಗೆ, ಒಳಗೆ ಹಸಿ. ಜೇಡಿಗೆ ಅಂಟಿಕೊಂಡು ತಗಡಿನ ಚಕ್ಕೆಯೂ ಬಂತು, ಹೆಂಚಿನಿಂದ ಎದ್ದ ರೊಟ್ಟಿಯ ಸಿಪ್ಪೆಯಂತೆ. ನಾನು ಹೆದರಿ ಕೈ ತೆಗೆದೆ. ಜೀಪಿನವರು ನಕ್ಕು, "ಇರ್ಲಿ ಬುಡಿ ಸಾ, ಆ ಮಣ್ಣೇ ಅದನ್ನ ಹಿಡ್ಕೊಂಡಿರದು," ಎಂದರು.

ಊರೊಳಗೆ ಇನ್ನೊಂದು ಬಗೆ. ಮೇಷ್ಟರೊಬ್ಬರ ಕಾರು, ಓಡಿದ್ದು ಬಹಳ ಕಡಿಮೆ, ಮನೆಯಿಂದ ಶಾಲೆಗೆ ಎರಡು ಕಿಲೋಮೀಟರ್. ಮೈ ಕನ್ನಡಿಯಂತಿತ್ತು. ಸೈಲೆನ್ಸರ್ ಮಾತ್ರ ತೂತು ಬಿದ್ದು ಟ್ರ್ಯಾಕ್ಟರಿನಂತೆ ಸದ್ದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಬೀಳುತ್ತದೆ. ದೂರ ಓಡುವ ಗಾಡಿಯಲ್ಲಿ ಸೈಲೆನ್ಸರ್ ಕಾದು ಆ ಆವಿ ಹೊರಗೆ ಹೋಗುತ್ತದೆ. ಎರಡು ಕಿಲೋಮೀಟರಿಗೆ ಅದು ಕಾಯುವುದೇ ಇಲ್ಲ. ಆವಿ ಒಳಗೇ ನೀರಾಗಿ, ಹೊಗೆಯ ಹುಳಿಯನ್ನೂ ಬೆರೆಸಿಕೊಂಡು ಕೂರುತ್ತದೆ. ಮೇಷ್ಟರಿಗೆ ಇದನ್ನು ಹೇಳಿದೆ. ಅವರು ರಸಾಯನಶಾಸ್ತ್ರದ ಮೇಷ್ಟರಂತೆ. ಕೇಳಿಸಿಕೊಂಡು, "ಅಂದ್ರೆ ದಿನಾ ಊರಾಚೆ ಹ್ಯಾಂಡ್‌ಪೋಸ್ಟಿನವರೆಗೆ ಹೋಗಿ ಬರಬೇಕು ಅಂತೀರಿ. ಪೆಟ್ರೋಲು ನೀವು ಹಾಕಿಸ್ತೀರಾ?" ಎಂದರು.

ಸಂಜೆ ಕಬಿನಿ ಹಿನ್ನೀರಿನ ದಂಡೆಗೆ ಹೋದೆ. 1974ರಲ್ಲಿ ಕಟ್ಟಿ ಮುಗಿಸಿದ ಈ ಅಣೆಕಟ್ಟೆಯ ನೀರು ಹಿಂದಕ್ಕೆ ಹರಡಿ ಕಾಡಿನ ಅಂಚನ್ನು ಮುಟ್ಟಿ ನಿಂತಿತ್ತು. ಬಿಸಿಲು ಇಳಿಯುತ್ತಿದ್ದಂತೆ ನೀರಿನ ಕಡೆಯಿಂದ ತಣ್ಣನೆ ಗಾಳಿ ಬಂತು, ಬಾನೆಟ್ಟಿಗೆ ಅಂಗೈ ಇಟ್ಟರೆ ಎಂಜಿನ್ನಿನ ಬಿಸಿ ಇನ್ನೂ ಇತ್ತು, ಹಿಂದಿನ ಡಿಕ್ಕಿಯ ಮೇಲೆ ಆಗಲೇ ತೇವ. ಮೇಸ್ತ್ರಿ ಕೊಟ್ಟ ಕಡ್ಡಿ ನೆನಪಾಯಿತು. ಟವೆಲ್ ಹಾಸಿ ಬಲಗಡೆ ಹಿಂದಿನ ಬಾಗಿಲಿನ ಕೆಳಗೆ ಮಲಗಿ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಡಾಂಬರು ಕೆರೆದೆ. ಕಿಂಡಿಯ ಆಕಾರ ಸಿಕ್ಕಿತು. ಕಡ್ಡಿಯ ಬಾಗಿದ ತುದಿಯನ್ನು ಒಳಗೆ ಒತ್ತಿ ತಿರುಗಿಸಿದೆ.

ಮೊದಲು ಒಂದು ಹನಿ. ಆಮೇಲೆ ಕಾಫಿ ಡಿಕಾಕ್ಷನ್ನಿನ ಬಣ್ಣದ ನೀರು ಸಣ್ಣ ಧಾರೆಯಾಗಿ ಮೊಣಕೈವರೆಗೂ ಇಳಿಯಿತು, ಜೊತೆಗೆ ಕೊಳೆತ ಎಲೆಪುಡಿ. ಮಳೆ ನಿಂತು ತಿಂಗಳಾಗಿತ್ತು. ಯಾವ ಊರಿನ ಮಳೆಯೋ, ಎರಡು ದಿನದಿಂದ ನಾಲ್ಕು ಊರು ಸುತ್ತಿಸಿದ್ದೆ. ಧಾರೆ ಹನಿಯಾಗಿ, ಹನಿ ನಿಂತ ಮೇಲೆ ತೋಳು ಒರೆಸಿಕೊಂಡು ಇನ್ನೊಂದು ಬದಿಗೆ ಟವೆಲ್ ಎಳೆದುಕೊಂಡೆ. ಬೆಳಕು ಇನ್ನೂ ಸ್ವಲ್ಪ ಇತ್ತು.